ಮಲ್ಲಪ್ಪನ ಕೈಯಲ್ಲಿ ಉಳಿದ ಚೀಟಿ

ಮಲ್ಲಪ್ಪನ ಮತವನ್ನು ಬದಲಿಸಿದವಳು ನಾನು. ಅವನೆದುರೇ ಕೂತು — ಅವನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ.

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯೂನಿಯನ್ ಕಾರ್ಯದರ್ಶಿ. ಆ ವರ್ಷ ಸಂಬಳ ಇಳಿಸಿಕೊಳ್ಳಬೇಕು, ಗಾಯಾಳುಗಳ ರಜೆ ಸಂಬಳ ಬಿಡಬೇಕು, ಇಲ್ಲದಿದ್ದರೆ ಬಾಗಿಲು ಹಾಕುತ್ತೇವೆ ಎಂದಿದ್ದರು ಮಾಲೀಕರು. ಹಲವು ಭಾಷೆಯವರಿದ್ದ ಯೂನಿಯನ್ನಿನಲ್ಲಿ ಬಣ್ಣದ ಚೀಟಿಯ ರೂಢಿ. ಒಪ್ಪಿಗೆಗೆ ಹಸಿರು, ಬೇಡ ಎನ್ನಲು ಕೆಂಪು. ಪ್ರತಿಯೊಬ್ಬರಿಗೂ ಎರಡೂ ಸಿಗುತ್ತವೆ; ಒಂದು ಲಕೋಟೆಗೆ, ಇನ್ನೊಂದು ಅವರವರ ಬಳಿಯೇ.

ಕಾರ್ಖಾನೆಯಲ್ಲಿ ಕಣ್ಣಿಗೆ ಆಸಿಡ್ ಸಿಡಿದು ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಮಲಗಿದ್ದ ಮಲ್ಲಪ್ಪನಿಗೆ ಚೀಟಿ ಒಯ್ಯಲು ಯೂನಿಯನ್ನಿನವರು ನನ್ನನ್ನು ಆರಿಸಿದರು. ಮೇಡಂ ಕಾನ್ವೆಂಟಲ್ಲಿ ಓದಿದೋರು, ಸುಳ್ಳು ಹೇಳೋಕೂ ಬರಲ್ಲ ಎಂದು ನಕ್ಕರು.

"ಕೆಂಪು ಹಾಕ್ರಿ ಅಕ್ಕಾರ. ಆ ಪಗಾರ ಹ್ವಾದ್ರ ನಾ ಮಣ್ಣ ತಿನಬೇಕಾಕ್ಕತಿ."

ಹಸಿರನ್ನು ಹಾಕಿದೆ. ಕಾರ್ಖಾನೆ ಮುಚ್ಚಿದರೆ ನಮ್ಮ ಮನೆ — ಅಷ್ಟೇ ಯೋಚಿಸಿದ್ದು. ಲಕೋಟೆ ಅಂಟಿಸುವಾಗ ಪಟ್ಟಿ ಕಟ್ಟಿದ ಆ ಮುಖ ನನ್ನ ಬೆರಳುಗಳ ಜೊತೆಗೇ ಸರಿಯುತ್ತಿತ್ತು, ನೋಡುತ್ತಿರುವ ಹಾಗೆ.

"ಹಾಕಿದ್ರೇನ್ರಿ?"

"ಹಾಕ್ದೆ."

ಉಳಿದ ಚೀಟಿಯನ್ನು ಕೇಳಿ ಇಸಿದುಕೊಂಡ. ಅಂಗೈಯಲ್ಲಿಟ್ಟು ಮೆಲ್ಲಗೆ ಸವರಿದ.

ಒಪ್ಪಂದ ಪಾಸಾಯಿತು. ಅವನ ಸಂಬಳ ನಿಂತಿತು. ಕಣ್ಣು ಮರಳಲೇ ಇಲ್ಲ. ನೋಡಲು ಬಂದ ಜೊತೆಗಾರರಿಗೆಲ್ಲ ಆ ಚೀಟಿ ಹಿಡಿದು ತೋರಿಸುತ್ತಿದ್ದ — "ನೋಡ್ರಿ, ಹಸರು ನನ್ ಕಡೇನ ಉಳದೈತಿ. ನಾ ಬ್ಯಾಡ ಅಂದಾಂವ."

ಅವರಿಗೆ ಕಾಣುತ್ತಿದ್ದುದು ಕೆಂಪು. ಮಾಲೀಕರಿಗೆ ಮತ ಹಾಕಿ ನಮ್ಮೆದುರು ನಾಟಕ ಆಡ್ತಾನೆ ಎಂದುಕೊಂಡು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕುರುಡನ ಮುಖಕ್ಕೆ ಆ ಮಾತು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನನಗೂ —

ಶುಕ್ರವಾರಗಳಂದು ಊಟ ಒಯ್ಯುತ್ತೇನೆ. ಮೆಟ್ಟಿಲಲ್ಲಿ ನನ್ನ ಕಾಲ ಸಪ್ಪಳಕ್ಕೆ ಒಳಗಿನಿಂದ ಗೆಳೆಯರ ಹೆಸರು ಹಿಡಿದು ಕರೆಯುತ್ತಾನೆ, ಒಂದಾದ ಮೇಲೊಂದು. ಪ್ರತಿ ಹೆಸರಿಗೂ ನಿಂತು, ಉತ್ತರ ಕೇಳಿಸಿದವನಂತೆ ತಲೆಯಾಡಿಸುತ್ತಾನೆ. ಹೆಸರುಗಳು ಮುಗಿಯುವವರೆಗೂ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಹೋದ ವಾರ ಕೇಳಿದ: "ಅಕ್ಕಾರ, ನನ್ನ ಮಾರಿ ನೋಡಿದ್ರ ಅಷ್ಟು ಅಂಜಿಕಿ ಬರ್ತೈತೇನ್ರಿ? ಅದಕ್ಕ ಯಾರೂ ಬರವಲ್ರು?"

ಸಾರು ಬಡಿಸಿ ಬಂದುಬಿಟ್ಟೆ.

ಯಜಮಾನರಿಗೂ ಹೇಳಿಲ್ಲ. ಭಾನುವಾರದ ಯೂನಿಯನ್ ಸಭೆಯಲ್ಲಿ ಎಲ್ಲರೆದುರು ಹೇಳುತ್ತೇನೆ. ಅದಕ್ಕೂ ಮೊದಲು ಅವನಿಗೆ. ಇನ್ನು ನಿಮ್ಮ ಕೈ ಊಟ ಬ್ಯಾಡ ಎಂದರೆ, ಈ ಸಲ ಆ ಮಾತನ್ನು ಬದಲಿಸದೆ, ಅವನು ಆಡಿದ ಹಾಗೆಯೇ ಹೊತ್ತು ತರುತ್ತೇನೆ.