ಟವೆಲ್ಲು ಹಿಡಿದು ಬಂದ ಸಿಸ್ಟರ್

ಕೊಚ್ಚಿಯ ನಮ್ಮ ಐಟಿ ಪಾರ್ಕಿನ ಮುಸ್ಲಿಂ ಹೆಂಗಸರೆಲ್ಲ ಸೇರಿ ಒಂದು ಭಾನುವಾರ ಈಜುಕೊಳ ಬಾಡಿಗೆಗೆ ಹಿಡಿದೆವು. ಗಂಡಸರಿಗೆ ಪ್ರವೇಶವಿಲ್ಲ, ಮೊಬೈಲಿಗೂ ಇಲ್ಲ. ಗೇಟು ಕಾಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಆಟೋದಿಂದ ಇಳಿದವರನ್ನು ನೋಡಿ ಗೇಟಿಗೆ ಅಡ್ಡ ನಿಂತೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು, ಕೈಯಲ್ಲಿ ಟವೆಲ್ಲು!

"ಅಯ್ಯೋ ದೇವರೇ" ಎಂದು ಕನ್ನಡದಲ್ಲೇ ಬಾಯಿಗೆ ಬಂತು. ಆಮೇಲೆ ಇಂಗ್ಲಿಷಿನಲ್ಲಿ, ಇದು ಮುಸ್ಲಿಮರಿಗೆ ಮಾತ್ರ ಎಂದು ತಡವರಿಸಿದೆ.

"ನೀನು ನಮ್ಮ ಊರಿನ ಕಡೆಯವಳಾ? ನಾನೂ ಮಂಗಳೂರಿನವಳೇ" ಎಂದು ಅವರು ಕನ್ನಡದಲ್ಲೇ ಹೇಳಿ ನಕ್ಕರು. "ಒಳಗೆ ಗಂಡಸರಿಲ್ಲ ತಾನೇ? ಹಾಗಂತ ಕೇಳಿಯೇ ಬಂದೆ. ತಲೆ ನಾನೂ ಮುಚ್ಚಿಕೊಂಡಿದ್ದೇನಲ್ಲ! ನೇತ್ರಾವತಿಯಲ್ಲಿ ಈಜಿ ಬೆಳೆದವಳು, ಕಾನ್ವೆಂಟು ಸೇರಿದ ಮೇಲೆ ನೀರಿಗೇ ಇಳಿದಿಲ್ಲ. ನಮ್ಮಂಥ ಸಿಸ್ಟರುಗಳು ಮತ್ತೆ ಎಲ್ಲಿ ಈಜುವುದು, ಹೇಳು ಮಾರಾಯ್ತಿ."

ಅವರನ್ನು ಒಳಗೆ ಬಿಟ್ಟು, ಗೇಟಿಗೆ ಬೀಗ ಹಾಕಿ ನಾನೂ ಹೋದೆ.

ಸಿಸ್ಟರ್ ಆಳದ ಕಡೆಯಿಂದ ಧುಮುಕಿದರು. ಸೊಂಟಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿದ್ದ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಅವರು ಸೀದಾ ನನ್ನ ಹತ್ತಿರ ಈಜಿ ಬಂದು ಕೈ ಚಾಚಿದರು.

"ಕಂಬಿ ಬಿಡು. ದೇವರ ಮೇಲೆ ನಂಬಿಕೆ ಇಲ್ಲವಾ?"

"ದೇವರ ಮೇಲಿದೆ ಸಿಸ್ಟರ್, ನೀರಿನ ಮೇಲಿಲ್ಲ" ಎನ್ನುತ್ತಲೇ ಕಂಬಿ ಬಿಟ್ಟು ಅವರ ಕೈ ಹಿಡಿದೆ.

ಗೇಟಿನಲ್ಲಿ ತಡೆದದ್ದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನಂತೂ ಕೊಳದಿಂದ ಮೇಲೆ ಹತ್ತುವವರೆಗೆ ಅವರ ಕೈ ಬಿಡಲಿಲ್ಲ.