ಹಿಂದಿನಿಂದ ಕೂಗದ ಮುದ್ದಕ್ಕ

ಬೇರೆ ಬಣ್ಣದ ಅಂಚಿರುವ ಒಂದು ರೇಷ್ಮೆ ಸೀರೆ ನೇಯಲು ಮೊಳಕಾಲ್ಮೂರಿನ ಮಗ್ಗದಲ್ಲಿ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಕೂಲಿ ಐದು ಸಾವಿರದ ಆಸುಪಾಸು. ಇಂಥ ಸೀರೆಗೆ ನೇಕಾರನ ಎರಡು ಕೈ ಸಾಲದು. ಆಚೆ ಬದಿ ಕುಳಿತು ಅಂಚಿನ ಲಾಳಿ ದಾಟಿಸಲು ಇನ್ನೊಬ್ಬರು ಬೇಕು. ಹೊರಗಿನವರನ್ನು ಕರೆದರೆ ದಿನಕ್ಕೆ ಮುನ್ನೂರು ಕೊಡಬೇಕು. ಹೆಂಡತಿ ಕುಳಿತರೆ ಮನೆಗೆಲಸ ನಿಲ್ಲುತ್ತದೆ. ಶಾಲೆಗೆ ಹೋಗುವ ಮಗಳು ಕುಳಿತರೆ ಖರ್ಚೇ ಇಲ್ಲ. ಈ ಲೆಕ್ಕವನ್ನು ಮುದ್ದಕ್ಕನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಅವರೇ ಆ ಖರ್ಚಿಲ್ಲದ ಕೈ ಆಗಿದ್ದರು.

ಈಗ ಅವರಿಗೆ ಐವತ್ತನಾಲ್ಕು. ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಟೆಂಡರ್. ಶಾಲೆಯ ಹೆಸರು ಹಾಕಬಾರದು ಎಂಬುದು ಅವರದೇ ಷರತ್ತು. ಬೆಳಿಗ್ಗೆ ಆರೂಕಾಲಕ್ಕೆ ಗೇಟು ತೆಗೆಯುತ್ತಾರೆ. ಆಷಾಢದ ಗಾಳಿ ಎಷ್ಟಿದೆಯೆಂದರೆ ಗುಡಿಸಿದ ಕಸ ಮತ್ತೆ ಅವರ ಕಾಲಬುಡಕ್ಕೇ ಬರುತ್ತದೆ. ಅವರು ಗಾಳಿಗೆ ಬೆನ್ನು ಕೊಟ್ಟು, ಅಂಗಳದ ಮೇಲುಗಡೆಯಿಂದ ಗುಡಿಸಲು ಶುರು ಮಾಡುತ್ತಾರೆ. ಏಳು ಕೋಣೆ, ಒಂದು ವರಾಂಡ, ಎರಡು ಡ್ರಮ್ಮು ನೀರು. ಏಳೂವರೆಗೆ ಹತ್ತನೇ ತರಗತಿಯ ವಿಶೇಷ ಪಾಠಕ್ಕೆ ಮಕ್ಕಳು ಬರುವ ಹೊತ್ತಿಗೆ ಇಷ್ಟೂ ಮುಗಿದಿರುತ್ತದೆ.

ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಮುದ್ದಕ್ಕ ಪೊರಕೆ ಗೋಡೆಗೆ ಆನಿಸಿ ಒಬ್ಬ ಹುಡುಗನ ಎದುರು ನಿಲ್ಲುತ್ತಾರೆ.

"ಏನ್ರೀ ಚಿರಂಜೀವಿಯವ್ರೇ, ತಲೆ ಬಾಚಿಲ್ವಾ ಇವತ್ತು?"

"ಸ್ಟೈಲ್ ಆಂಟಿ."

"ಕೋಳಿ ಕೆದರಿದ್ ತಿಪ್ಪೆನೂ ಹಿಂಗೇ ಇರ್ತೈತೆ. ಅದೂ ಸ್ಟೈಲೇನಾ?"

ಪಕ್ಕದ ಹುಡುಗಿಯರು ನಗುತ್ತಾರೆ. ಚಿರಂಜೀವಿಯೂ ನಗುತ್ತಾನೆ, ಕೈಯಿಂದಲೇ ಕೂದಲು ಒತ್ತಿಕೊಳ್ಳುತ್ತಾನೆ. ಅವನು ಒಳಗೆ ಹೋದ ಮೇಲೆ ಮುದ್ದಕ್ಕ ದನಿ ತಗ್ಗಿಸಿ ಹೇಳುತ್ತಾರೆ: "ಅವ್ರಪ್ಪ ಆಸ್ಪತ್ರೆಲಿ ಅವ್ರೆ. ರಾತ್ರಿ ಈ ಹುಡುಗ್ನೇ ಜೊತೆಗಿದ್ದ. ಹಂಗಾಗಿ ಬಾಚಿಲ್ಲ. ಕೇಳಿದ್ರೆ ಅಳ್ತಾನೆ, ಅದ್ಕೇ ತಮಾಷೆ ಮಾಡ್ದೆ. ಮಧ್ಯಾಹ್ನ ಒಬ್ನೇ ಸಿಕ್ದಾಗ ಕೇಳ್ತೀನಿ."

ಶಾಲೆಯಲ್ಲಿ ಇನ್ನೂರ ನಲವತ್ತೆಂಟು ಮಕ್ಕಳಿದ್ದಾರೆ. ಎಲ್ಲರನ್ನೂ ಮುದ್ದಕ್ಕ ಬಹುವಚನದಲ್ಲೇ ಮಾತನಾಡಿಸುತ್ತಾರೆ. ಎಂಟನೇ ತರಗತಿಗೆ ಹೊಸದಾಗಿ ಬಂದವರು ಮೊದಲ ವಾರ ಬಿದ್ದು ಬಿದ್ದು ನಗುತ್ತಾರೆ, ಎರಡನೇ ವಾರಕ್ಕೆ ರೂಢಿಯಾಗುತ್ತದೆ. ಯಾರನ್ನೂ ಅವರು ಹಿಂದಿನಿಂದ ಕೂಗುವುದಿಲ್ಲ. ಕೆಲಸವಿದ್ದರೆ ಎದುರಿಗೆ ಹೋಗಿ ನಿಲ್ಲುತ್ತಾರೆ, ಹುಡುಗರು ಮಾತು ಮುಗಿಸುವ ತನಕ ಕಾಯುತ್ತಾರೆ. ಇದು ಮಗ್ಗದ ಮನೆಯಲ್ಲಿ ಕಲಿತದ್ದು.

"ಮಗ್ಗದ ಮೇಲೆ ಕುಂತೋರ್ನ ಬೆನ್ನ ಹಿಂದೆ ನಿಂತು ಕೂಗಬಾರ್ದು. ಬೆಚ್ಚಿಬಿದ್ರೆ ಎಳೆ ಹೋಗ್ತೈತೆ. ಮುಂದಕ್ಕೆ ಬಂದು ನಿಲ್ಬೇಕು. ಲಾಳಿ ಕೈಗೆ ಬಂದ್ಮೇಲೆ ಅವ್ರೇ ತಲೆ ಎತ್ತಿ ಏನು ಅಂತಾರೆ. ಈ ವಯಸ್ಸಿನ ಮಕ್ಳೂ ಹಂಗೇಯ. ನಿಂತ್ಕೋಬೇಕು. ನಮ್ ಸ್ಕೂಲಲ್ಲಿ ನಿಲ್ಲೋಕೆ ಯಾರಿಗೂ ಟೈಮಿಲ್ಲ."

ಅವರ ಮನೆಮಾತು ತೆಲುಗು. ಏಳನೇ ತರಗತಿ ಓದುವಾಗ ಅಪ್ಪ ಅವರನ್ನು ಶಾಲೆ ಬಿಡಿಸಿ ಮಗ್ಗದ ಆಚೆ ಬದಿಗೆ ಕೂರಿಸಿದ. ಅದರ ಬಗ್ಗೆ ಅವರಿಗೆ ಅಪ್ಪನ ಮೇಲೆ ದೊಡ್ಡ ಸಿಟ್ಟೇನಿಲ್ಲ. ಬೇಸರವಿರುವುದು ಬೇರೆಯದರ ಮೇಲೆ. "ಎರಡು ತಿಂಗ್ಳಾದ್ಮೇಲೆ ಸಂತೇಲಿ ಮೇಷ್ಟ್ರು ಸಿಕ್ರು. ಚೆನ್ನಾಗಿ ಓದ್ತಿದೀಯಾ ಅಂದ್ರು. ನಾನು ಬಿಟ್ಟಿದ್ದೇ ಅವ್ರಿಗೆ ಗೊತ್ತಿರ್ಲಿಲ್ಲ."

ಮದುವೆಯಾದ ಮನೆಯಲ್ಲೂ ಮಗ್ಗ. ಗಂಡನ ಕಣ್ಣು ಮಂಜಾಗಿ ಮಗ್ಗ ನಿಂತಾಗ, ಹದಿನಾಲ್ಕು ವರ್ಷದ ಹಿಂದೆ, ಈ ಕೆಲಸಕ್ಕೆ ಸೇರಿದರು. ಹೊರಗುತ್ತಿಗೆ. ಸಂಬಳ ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ದಿನಕ್ಕೆ ಹನ್ನೊಂದು ಸಲ ಬೆಲ್ಲು ಹೊಡೆಯುತ್ತಾರೆ, ಆಫೀಸಿಗೂ ಕೋಣೆಗಳಿಗೂ ಎಷ್ಟು ಸಲ ಓಡಾಡುತ್ತಾರೋ ಎಣಿಸಿಲ್ಲ. ಹಾಜರಿ ಪುಸ್ತಕ ಕೋಣೆಯಿಂದ ಕೋಣೆಗೆ ಒಯ್ಯುವುದೂ ಅವರೇ. ಒಯ್ಯುವಾಗ ಕಣ್ಣಾಡಿಸುತ್ತಾರೆ. ಮೂರು ದಿನ ಒಂದೇ ಹೆಸರಿನ ಮುಂದೆ ಗೈರು ಕಂಡರೆ ಸಂಜೆ ಆ ಮನೆಗೆ ಹೋಗುವುದು ಅವರ ಪದ್ಧತಿ. ಇದನ್ನು ಮಾಡು ಎಂದು ಯಾರೂ ಹೇಳಿಲ್ಲ. ಹೀಗೆ ಇಲ್ಲಿಯವರೆಗೆ ಇಪ್ಪತ್ತಮೂರು ಮಕ್ಕಳನ್ನು ಮಗ್ಗದಿಂದ ಎಬ್ಬಿಸಿಕೊಂಡು ಬಂದಿದ್ದಾರೆ.

ಆ ಇಪ್ಪತ್ತಮೂರರ ಮಾತನ್ನು ಅವರು ಹೆಚ್ಚು ಬೆಳೆಸುವುದಿಲ್ಲ. "ಬರೆಯೋದಾದ್ರೆ ತೇಜಶ್ರೀದು ಬರೀರಿ" ಎನ್ನುತ್ತಾರೆ. "ಅದ್ರಲ್ಲಿ ನಾನು ತಪ್ಪು ಮಾಡಿದೀನಿ."

ಹೋದ ವರ್ಷ ತೇಜಶ್ರೀ ಹತ್ತನೇ ತರಗತಿಯಲ್ಲಿದ್ದಳು. ನೇಕಾರ ಶಿವರಾಮನ ಮಗಳು. ಮಧ್ಯಾಹ್ನ ಊಟವಾದ ಮೇಲೆ ಮುದ್ದಕ್ಕನ ಪಕ್ಕ ಬಂದು ಕುಳಿತು ಅವ್ವನ ಜೊತೆ ಆಡಿದ ಜಗಳ, ಹೊಟ್ಟೆನೋವು, ಗೆಳತಿಯ ಮುನಿಸು ಎಲ್ಲವನ್ನೂ ಹೇಳುತ್ತಿದ್ದ ಹುಡುಗಿ. ನವೆಂಬರಿನಲ್ಲಿ ಅವಳು ಬರುವುದು ನಿಂತಿತು. ಆ ದಿನಗಳಲ್ಲಿ ಮುದ್ದಕ್ಕನಿಗೆ ಜ್ವರ, ಎರಡು ವಾರ ರಜೆ. ಮರಳಿ ಬಂದು ಪುಸ್ತಕ ನೋಡಿದರೆ ತೇಜಶ್ರೀ ಹನ್ನೊಂದು ದಿನ ಗೈರು. ಶಿವರಾಮನ ಮನೆಯಲ್ಲಿ ಬೇರೆ ಬಣ್ಣದ ಅಂಚಿನ ಸೀರೆ ಮಗ್ಗಕ್ಕೆ ಹತ್ತಿದೆ ಎಂಬ ಸುದ್ದಿ ಮೊದಲೇ ಕಿವಿಗೆ ಬಿದ್ದಿತ್ತು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇಷ್ಟು ಸಾಕು. ಅವರು ಬೇರೆ ಏನನ್ನೂ ಯೋಚಿಸಲಿಲ್ಲ, ಅವಳ ಗೆಳತಿಯರನ್ನೂ ವಿಚಾರಿಸಲಿಲ್ಲ.

ಮಧ್ಯಾಹ್ನವೇ ಶಿವರಾಮನ ಮನೆಗೆ ಹೋದರು. ಅವತ್ತು ಎದುರಿಗೆ ಹೋಗಿ ಕಾಯಲೂ ಇಲ್ಲ, ಬಾಗಿಲಲ್ಲೇ ನಿಂತು ಅವನ ಬೆನ್ನ ಹಿಂದಿನಿಂದ ಕೂಗಿದರು.

"ಏನಪ್ಪಾ ಶಿವರಾಮ, ಹನ್ನೊಂದು ದಿನದಿಂದ ಮಗಳ್ನ ಮಗ್ಗಕ್ಕೆ ಕೂರಿಸ್ಕೊಂಡಿದೀಯಲ್ಲ, ನಾಚ್ಕೆ ಆಗಲ್ವಾ?"

ಲಾಳಿ ನಿಂತಿತು. ಆಚೆ ಬದಿಯಲ್ಲಿ ಕುಳಿತಿದ್ದದ್ದು ಶಿವರಾಮನ ಹೆಂಡತಿ ಜ್ಯೋತಿಲಕ್ಷ್ಮಿ.

"ಮಗ್ಗಕ್ಕೆ ಎಲ್ಲಿ ಕೂರಿಸಿದೀನಿ?" ಎಂದ ಶಿವರಾಮ. "ಬೆಳಿಗ್ಗೆ ಡಬ್ಬಿ ಕಟ್ಕೊಂಡು ಸ್ಕೂಲಿಗೇ ಹೋಗವ್ಳಲ್ಲ?"

ಆ ಸಂಜೆ ತೇಜಶ್ರೀ ಯೂನಿಫಾರ್ಮಿನಲ್ಲೇ, ಎಂದಿನ ಹೊತ್ತಿಗೇ ಮನೆಗೆ ಬಂದಳು. ಎಲ್ಲಿಗೆ ಹೋಗಿದ್ದಳು ಎಂಬುದನ್ನು ಚೀಲದಲ್ಲಿದ್ದ ಬಸ್ ಟಿಕೆಟ್‌ಗಳು ಹೇಳಿದವು. ದಿನಾ ಚಳ್ಳಕೆರೆಗೆ ಹೋಗಿ ಬರುತ್ತಿದ್ದಳು. ಆಧಾರ್ ಕಾರ್ಡ್ ತೋರಿಸಿದರೆ ಹೆಣ್ಣುಮಕ್ಕಳಿಗೆ ದುಡ್ಡಿಲ್ಲದ ಟಿಕೆಟ್ಟು. ಶಿವರಾಮನಿಗೆ ಏನೇನೋ ಅನುಮಾನ ಬಂತು. ಮಾರನೇ ದಿನದಿಂದ ಜ್ಯೋತಿಲಕ್ಷ್ಮಿಯನ್ನು ಎಬ್ಬಿಸಿ ಮಗಳನ್ನು ಆಚೆ ಬದಿಗೆ ಕೂರಿಸಿದ. ಕೂಲಿ ಉಳಿಸುವುದಕ್ಕಲ್ಲ, ಕಣ್ಣೆದುರಿಗೆ ಇರಲಿ ಎಂದು.

"ಇಲ್ದಿರೋ ತಪ್ಪು ಹೇಳೋಕೆ ಹೋಗಿ, ಅದನ್ನ ನಾನೇ ನಿಜ ಮಾಡಿ ಬಂದೆ" ಎನ್ನುತ್ತಾರೆ ಮುದ್ದಕ್ಕ.

ಪರೀಕ್ಷೆಗೆ ಮುಕ್ಕಾಲು ಪಾಲು ಹಾಜರಿ ಬೇಕು. ಡೆಂಗಿ ಜ್ವರ, ಅಜ್ಜಿಯ ಸಾವು ಅಂತ ತೇಜಶ್ರೀಗೆ ಮೊದಲೇ ಬಹಳ ದಿನ ತಪ್ಪಿದ್ದವು. ಹೆಡ್‌ಮೇಡಂ ಪುಸ್ತಕ ನೋಡಿ ಹೇಳಿದರು: ಇನ್ನು ಹದಿನಾಲ್ಕು ದಿನ ಬಾರದಿದ್ದರೆ ಹಾಲ್‌ಟಿಕೆಟ್ ಇಲ್ಲ.

ಮುದ್ದಕ್ಕ ಈ ಸಲ ಮೊದಲು ಅವಳ ಗೆಳತಿ ಕಾವ್ಯಳ ಎದುರು ಹೋಗಿ ನಿಂತರು. ಸಂಗತಿ ದೊಡ್ಡದೇನೂ ಆಗಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಿ ತರಗತಿಯನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದರು. ಜ್ವರದಲ್ಲಿ ಬರೆದ ತೇಜಶ್ರೀ ಸಿ ಗುಂಪಿಗೆ, ಕೊನೇ ಬೆಂಚಿಗೆ ಹೋದಳು. ಗಣಿತದಲ್ಲಿ ಒಂದು ಲೆಕ್ಕದ ಬಗ್ಗೆ ಎರಡು ದಿನ ಕೈ ಎತ್ತಿದಳು, ಮೇಷ್ಟ್ರು ನೋಡಲಿಲ್ಲ. ಮೂರನೇ ದಿನ ಎದ್ದು ನಿಂತು ಕೇಳಿದಳು. "ಅದೆಲ್ಲ ನಿಂಗ್ಯಾಕಮ್ಮ, ನೀನು ಪಾಸಿಂಗ್ ಪ್ಯಾಕೇಜ್ ಓದ್ಕೋ ಸಾಕು" ಎಂದು ಅವರು ಬೋರ್ಡಿನ ಕಡೆ ತಿರುಗಿದರು. ಪಾಸಿಂಗ್ ಪ್ಯಾಕೇಜ್ ಎಂದರೆ ಬರೀ ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ ಪಟ್ಟಿ. ಬೈಗುಳವಿಲ್ಲ, ಏಟಿಲ್ಲ. ಮಾರನೇ ದಿನದಿಂದ ತೇಜಶ್ರೀ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ತಾನೇ ಲೆಕ್ಕ ಮಾಡತೊಡಗಿದಳು.

ಮುದ್ದಕ್ಕ ಶಿವರಾಮನ ಮನೆಗೆ ಮತ್ತೆ ಹೋದರು. ಬೆಳಿಗ್ಗೆ ಐದೂವರೆಗೆ, ಶಾಲೆಯ ಗೇಟು ತೆಗೆಯುವ ಮೊದಲು. ಮಗ್ಗದ ಎದುರಿಗೆ ನಿಂತು ಕಾದರು. ಶಿವರಾಮನೇ ಕೈ ತಡೆದು ಕೇಳಿದ: "ಇನ್ನೇನ್ ಹೇಳೋದೈತೆ ಮುದ್ದಕ್ಕ?"

"ನಿನ್ನ ಹತ್ರ ಅಲ್ಲಪ್ಪ. ನಿನ್ನ ಮಗಳ ಹತ್ರ."

"ಅವಳ ಹತ್ರ ಏನು?"

"ತಪ್ಪು ಒಪ್ಕೊಳ್ಳೋದೈತೆ."

ಶಿವರಾಮನಿಗೆ ನಗು ಬಂತು. "ವಿಂಟಿವಾ?" ಎಂದು ತೆಲುಗಿನಲ್ಲಿ ಹೆಂಡತಿಯ ಕಡೆ ನೋಡಿದ. "ಕೇಳ್ದ್ಯಾ? ಮೊಣಕಾಲುದ್ದ ಇಲ್ದಿರೋ ಪೋರಿ ಹತ್ರ ತಪ್ಪು ಒಪ್ಕೊಂತಾಳಂತೆ."

"ಒಪ್ಕೊಳ್ಲಿ ಬಿಡು. ನೀನಂತೂ ಯಾವತ್ತೂ ಒಪ್ಕೊಂಡೋನಲ್ಲ" ಎಂದಳು ಒಲೆಯ ಮುಂದಿದ್ದ ಜ್ಯೋತಿಲಕ್ಷ್ಮಿ.

ತೇಜಶ್ರೀ ತಲೆ ಎತ್ತಲಿಲ್ಲ. ಮುದ್ದಕ್ಕ ಹೇಳುವುದನ್ನು ಹೇಳಿದರು: "ನಿಮ್ಮನ್ನ ಒಂದು ಮಾತು ಕೇಳ್ದೆ ನಿಮ್ಮಪ್ಪನ ಹತ್ರ ಬಂದೆ ಕಣವ್ವ. ಅದು ನನ್ ತಪ್ಪು." ಅವಳು ಲಾಳಿ ದಾಟಿಸಿದಳು. ಮಾರನೇ ದಿನ ಹೋದರು. ಆಗಲೂ ಹಾಗೇ. ಆ ವಾರವೆಲ್ಲ ಹೋಗಿ, ಲಾಳಿ ನಿಲ್ಲುವವರೆಗೆ ನಿಂತು, "ಬರ್ತೀನಿ ಕಣವ್ವ" ಎಂದು ಹೊರಟುಬರುತ್ತಿದ್ದರು. ಏಳನೇ ಬೆಳಿಗ್ಗೆ ತೇಜಶ್ರೀ ನೋಟ್‌ಬುಕ್ಕಿನ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಳು.

"ಸಾರ್ ಇದಕ್ಕೆ ಉತ್ತರ ಕೊಟ್ರೆ ನೋಡಣ."

ಮುದ್ದಕ್ಕ ಅದನ್ನು ಬಿಚ್ಚಿ ನೋಡದೆ ಹಾಗೇ ಒಯ್ದು ಮೇಷ್ಟ್ರಿಗೆ ಕೊಟ್ಟರು. "ಅವಳ ಚೀಟಿ. ನಾನ್ಯಾಕೆ ಓದ್ಲಿ?"

ಗಣಿತದ ಮೇಷ್ಟ್ರು ಮಹಾಂತೇಶ ಆ ಚೀಟಿಯನ್ನು ಇನ್ನೂ ಮರೆತಿಲ್ಲ. ಗೋಪುರದ ಎತ್ತರ ಕಂಡುಹಿಡಿಯುವ ಲೆಕ್ಕಗಳಲ್ಲಿ ಕೆಲವು ಕಡೆ ನೋಡುವವನ ಎತ್ತರವನ್ನೂ ಕೂಡಿಸುತ್ತೇವೆ, ಕೆಲವು ಕಡೆ ಬಿಡುತ್ತೇವೆ, ಏಕೆ ಎಂಬುದು ಅವಳ ಪ್ರಶ್ನೆ. "ಒಳ್ಳೇ ಪ್ರಶ್ನೆ. ಎ ಗುಂಪಿನವರೂ ಕೇಳಿರಲಿಲ್ಲ" ಎನ್ನುತ್ತಾರೆ ಅವರು. "ಒಂದೇ ಸೆಕ್ಷನ್ನಲ್ಲಿ ಅರವತ್ತೊಂದು ಮಕ್ಕಳು. ವಿಜ್ಞಾನದ ಹುದ್ದೆ ಖಾಲಿ, ಅದೂ ನನ್ನ ತಲೆ ಮೇಲೆ. ಆದರೂ ಆ ಹುಡುಗಿ ಎದ್ದು ನಿಂತಿದ್ದಳು, ನಾನು ಅವಳ ಮುಖ ನೋಡದೆ ಉತ್ತರ ಕೊಟ್ಟೆ. ಅದಕ್ಕೆ ಖಾಲಿ ಹುದ್ದೆ ಕಾರಣ ಅಲ್ಲ."

ಅವರು ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದರು. ಮೇಲೆ ಅವಳ ಹೆಸರು ಬರೆದರು, ಕೆಳಗೆ, "ಉಳಿದದ್ದನ್ನು ಬೋರ್ಡಿನ ಮೇಲೆ ಹೇಳುತ್ತೇನೆ, ಬಾ." ಮಾರನೇ ಬೆಳಿಗ್ಗೆ ಮುದ್ದಕ್ಕ ಅದನ್ನು ತೇಜಶ್ರೀಯ ಕೈಗೇ ಕೊಟ್ಟರು. ಅವಳು ಎರಡು ಸಲ ಓದಿ, ಅಪ್ಪನಿಗೆ ಚಾಚಿದಳು. ಶಿವರಾಮನಿಗೆ ಗೋಪುರ ಅರ್ಥವಾಗಲಿಲ್ಲ. "ಮೇಷ್ಟ್ರು ಹೆಸ್ರು ಹಿಡ್ದು ಬರ್ದವ್ರೆ" ಎಂದ. ಹಾಳೆಯನ್ನು ಮಗಳಿಗೆ ವಾಪಸ್ ಕೊಟ್ಟು, "ಇನ್ನೊಂದ್ ಸಲ ಆ ಬಸ್ ಹತ್ತಿದ್ರೆ ಮಗ್ಗನೇ ಗತಿ, ನೋಡ್ಕೋ" ಎಂದ. ಜ್ಯೋತಿಲಕ್ಷ್ಮಿ ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡು ಆಚೆ ಬದಿಗೆ ಹೋಗಿ ಕುಳಿತಳು.

ಅಷ್ಟರಲ್ಲಿ ಹದಿನಾಲ್ಕು ದಿನಗಳಲ್ಲಿ ಎಂಟು ಕಳೆದಿದ್ದವು. ಮುಂದೆ ಮಾರ್ಚ್‌ವರೆಗೆ ತೇಜಶ್ರೀ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆ ಬರೆದಳು. ಗಣಿತದಲ್ಲಿ ಅರವತ್ತಮೂರು. ಈಗ ಪಿಯುಸಿಗೆ ಸೇರಿದ್ದಾಳೆ, ಕಾಮರ್ಸ್.

ಗುಂಪುಗಳು ಈ ವರ್ಷವೂ ಇವೆ. ಮಹಾಂತೇಶ ಸಿ ಗುಂಪನ್ನು ಮುಂದಿನ ಬೆಂಚಿಗೆ ತಂದಿದ್ದಾರೆ. "ದಿನಾ ಎಲ್ಲರ ಮುಖ ನೋಡ್ತೀನಿ ಅಂತ ಸುಳ್ಳು ಹೇಳಲ್ಲ, ಆಗಲ್ಲ" ಎನ್ನುತ್ತಾರೆ. ಮುದ್ದಕ್ಕ ಈಗ ಯಾರ ಮನೆಗೆ ಹೋಗುವ ಮುಂಚೆಯೂ ಆ ಮಗುವನ್ನು ಹುಡುಕಿ ಕೇಳುತ್ತಾರೆ: ನಿಮ್ಮ ಮನೆಗೆ ಬರಲಾ, ಬೇಡವಾ? ಬೇಡ ಎಂದರೆ ಹೋಗುವುದಿಲ್ಲ, ಯಾಕೆ ಬೇಡ ಎಂದು ಕೇಳುತ್ತಾರೆ. ಟೀಚರುಗಳ ಮೀಟಿಂಗಿಗೆ ಟೀ ಕೊಡಲು ಹೋದಾಗ ತನಗೂ ಎರಡು ನಿಮಿಷ ಮಾತಾಡಲು ಬಿಡಲಿ ಎಂಬುದು ಅವರ ಆಸೆ. ಇನ್ನೂ ಯಾರೂ ಕೇಳಿಲ್ಲ.

ತೇಜಶ್ರೀ ರಸ್ತೆಯಲ್ಲಿ ಸಿಕ್ಕರೆ ನಿಲ್ಲುತ್ತಾಳೆ. "ಚೆನ್ನಾಗಿದೀರಾ ಆಂಟಿ" ಎಂದು ಕೇಳುತ್ತಾಳೆ, ಕಾಲೇಜು ಚೆನ್ನಾಗಿದೆ ಎನ್ನುತ್ತಾಳೆ, ಹೋಗುತ್ತಾಳೆ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳುತ್ತಿದ್ದ ಹುಡುಗಿ ಮತ್ತೆ ಯಾವತ್ತೂ ಹಾಗೆ ಕುಳಿತಿಲ್ಲ.

"ಪರೀಕ್ಷೆ ಸಿಕ್ತು, ಕಾಲೇಜು ಸಿಕ್ತು" ಎನ್ನುತ್ತಾರೆ ಮುದ್ದಕ್ಕ. "ನನ್ ಹತ್ರ ಹೇಳ್ಕೊಳ್ಳೋದು ಮಾತ್ರ ಹೋಯ್ತು. ಅದು ಅವಳ್ದು, ಕೊಡೋದು ಬಿಡೋದು ಅವಳಿಷ್ಟ."