ಅರ್ತ್ ಗುಂಡಿಗೆ ಒಂದು ಕೊಡ ನೀರು

ನಮ್ಮ ಸಾಹೇಬರ ಬಲಗಾಲಿನ ಬೂಟಿನ ಮೂತಿ ಯಾವಾಗಲೂ ಸವೆದು ಬಿಳಿಚಿಕೊಂಡಿರುತ್ತಿತ್ತು; ಎಡಗಾಲಿನದು ಮದುವೆ ಗಂಡಿನ ಬೂಟಿನಂತೆ ಹೊಳೆಯುತ್ತಿತ್ತು. ಟ್ರಾನ್ಸ್‌ಫಾರ್ಮರ್ ನೋಡಲು ಹೋದವರೆಲ್ಲ ಕತ್ತೆತ್ತಿದರೆ ಇವರು ತಲೆ ತಗ್ಗಿಸುತ್ತಿದ್ದರು. ಕಂಬದಿಂದಿಳಿದ ತಂತಿ ಮಣ್ಣು ಸೇರುವ ಅರ್ತ್ ಗುಂಡಿಯನ್ನು ಬೂಟಿನಿಂದ ಕೆದಕಿ, ತೇವ ಕಂಡ ಮೇಲೆಯೇ ಮಾತು.

ಎಪ್ಪತ್ತರ ದಶಕ. ಮಂಡ್ಯದ ವಿದ್ಯುತ್ ಮಂಡಳಿಯಲ್ಲಿ ನಾನು ಅವರ ಕೈಕೆಳಗಿನ ಹೊಸ ಇಂಜಿನಿಯರ್. ಮುಂಗಾರಿನ ಮೊದಲ ಗುಡುಗಿಗೇ ಟ್ರಾನ್ಸ್‌ಫಾರ್ಮರ್‌ಗಳು ಸುಟ್ಟು, ಪಂಪುಗಳು ನಿಂತು, ಊರವರ ಬೈಗುಳವೆಲ್ಲ ನಮ್ಮ ಪಾಲಿಗೆ. ಸಿಡಿಲಿನ ಏಟನ್ನು ನೆಲಕ್ಕಿಳಿಸುವ ಅರೆಸ್ಟರ್ ಯಾವುದನ್ನು ಹಾಕಬೇಕೆಂದು ಚರ್ಚೆಯಾಯಿತು. ಮೇಲಿನವರಿಗೆ ಹನ್ನೆರಡು ಕೆ.ವಿ.ಯದೇ ಬೇಕು; ಅದು ಗಟ್ಟಿ, ಬೇಗ ಸಿಡಿಯುವುದಿಲ್ಲ. ಸಾಹೇಬರು ಸಿಡಿಲಿಗೆ ಬೇಗ ಬಾಯಿ ಬಿಡುವ ಒಂಬತ್ತರದ್ದೇ ಆಗಬೇಕೆಂದು ಪಟ್ಟು ಹಿಡಿದರು.

"ಕಾವಲುಗಾರ ಗಟ್ಟಿಮುಟ್ಟಾಗಿದ್ದು ಏನ್ರೀ ಬಂತು, ಕಳ್ಳ ಒಳಗೆ ಹೋದ್ಮೇಲೆ ಎದ್ರೆ?"

ಸುಟ್ಟರೆ ನೀವೇ ಹೊಣೆ ಎಂದು ಮೇಲಿನವರು ಒಪ್ಪಿದರು.

ಮೊದಲು ಹಾಕಿದ್ದು ಹೊಳಲು ಕಡೆಯ ಒಂದು ಊರಿನಲ್ಲಿ. ಎದುರು ಮನೆಯ ಗೌಡತಿಗೆ ಸಾಹೇಬರು, "ತಾಯಿ, ಈ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕಿ" ಎಂದು ಕೈಮುಗಿದರು. ಮುಂದಿನ ಸಲ ಹೋದಾಗ ಗುಂಡಿಯ ಸುತ್ತ ಸಾರಿಸಿ ರಂಗೋಲಿ ಬಿಟ್ಟಿತ್ತು, ಅದರ ಅಂಚಿನ ಕಲ್ಲಿಗೆ ಅರಿಶಿನ ಕುಂಕುಮ. ನನಗೆ ನಗು. ಸಾಹೇಬರಿಗೆ ಹಿಗ್ಗೋ ಹಿಗ್ಗು.

"ಭಕ್ತಿ ಇದ್ರೆ ನೀರು ತಪ್ಪಲ್ಲ ಕಣ್ರೀ."

ತಪ್ಪಿತು. ಮಳೆಗೆ ಮುಂಚಿನ ಒಣ ಸಿಡಿಲಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಒಂಬತ್ತರ ಆಯ್ಕೆಯೇ ತಪ್ಪು, ಹಾಕಿದ್ದನ್ನೆಲ್ಲ ಕಳಚಿ ಎಂದು ಮೇಲಿನಿಂದ ಮಾತು ಬಂತು. ಸಾಹೇಬರು ನನ್ನನ್ನು ಕರೆದುಕೊಂಡು ಹೋಗಿ ಗುಂಡಿ ಕೆದಕಿದರು. ಧೂಳೆದ್ದಿತು.

ಗೌಡತಿ ಜಗಲಿಯಿಂದಿಳಿಯದೆ ಹೇಳಿದರು: "ನಮ್ಮತ್ತೆ ತೀರ್ಕೊಂಡ್ರು ಸ್ವಾಮಿ. ಸೂತ್ಕದ ಮನೆ, ದ್ಯಾವ್ರಿಗೆ ಎಂಗೆ ನೀರಾಕಾದು?"

ಸಾಹೇಬರು ಜಗಲಿಯ ಬಳಿಗೆ ಹೋದರು. "ಇದು ದೇವರಲ್ಲ ತಾಯಿ, ಬರೀ ಭೂಮಿ. ಒಣಗಿದ್ರೆ ಸಿಡಿಲನ್ನ ಒಳಕ್ಕೆ ಬಿಡಲ್ಲ, ಅದು ಟ್ರಾನ್ಸ್‌ಫಾರ್ಮರ್‌ಗೇ ನುಗ್ಗುತ್ತೆ. ಭೂಮಿಗೆ ಸೂತಕ ಇಲ್ಲ."

ಹಿಂದಿರುಗುವಾಗ ನಾನು, ಊರಿನವರು ನೀರು ನಿಲ್ಲಿಸಿದರೆಂದು ವರದಿ ಬರೆದರಾಯಿತು ಎಂದೆ. ಅವರು ಒಪ್ಪಲಿಲ್ಲ.

"ಯಾಕೆ ಅಂತ ಹೇಳದೆ ನೀರು ಹಾಕಿ ಅಂದೋನು ನಾನು. ರಂಗೋಲಿ ನೋಡಿ ಹಿಗ್ಗಿದೋನೂ ನಾನೇ. ಆ ತಾಯಿ ಏನು ಮಾಡ್ತಾರೆ?"

ಮೇಲಿನವರ ಮುಂದೆ ತಪ್ಪೆಲ್ಲ ತಮ್ಮದೆಂದರು. ಆಯ್ಕೆ ಮಾತ್ರ ಸರಿಯಿದೆ, ಈ ಒಂದು ಮಳೆಗಾಲ ಕೊಡಿ ಎಂದು ಬೇಡಿದರು. ಆಮೇಲೆ ಊರೂರಿಗೆ ಹೋಗಿ ನೀರು ಯಾಕೆ ಎಂದು ಕೂತು ಹೇಳಿದರು. ಆ ಮಳೆಗಾಲ ಮತ್ತೆ ಯಾವ ಟ್ರಾನ್ಸ್‌ಫಾರ್ಮರೂ ಸುಡಲಿಲ್ಲ. ಅವೇ ಅರೆಸ್ಟರ್‌ಗಳು ಮದ್ದೂರು, ಮಳವಳ್ಳಿ ಕಡೆಗೂ ಹೋದವು. ಯಾಕೆ ಎಂದು ಹೇಳದೆ ಯಾರಿಗೂ ಕೆಲಸ ಹೇಳಬಾರದೆಂಬ ಬುದ್ಧಿ ನನಗೆ ಬಂದದ್ದು ಅವರಿಂದಲೇ. ಆ ಋಣ ದೊಡ್ಡದು.

ನಿವೃತ್ತರಾಗಿ ಮಂಡ್ಯದ ಗುತ್ತಲಿನಲ್ಲಿದ್ದಾಗ ಅವರು ತೀರಿಕೊಂಡರು. ಮೂರನೆಯ ದಿನ ನಾನು ಹೋದಾಗ ಅದೇ ಗೌಡತಿ ಬಸ್ಸಿನಲ್ಲಿ ಬಂದು ಕೂತಿದ್ದರು, ತಲೆಯೆಲ್ಲ ನರೆತಿತ್ತು. ಮನೆಯ ಕರೆಂಟು ಮೀಟರಿನ ಕೆಳಗಿದ್ದ ಅರ್ತ್ ಗುಂಡಿ ನೋಡಿ ಎದ್ದು, ಸಾಹೇಬರ ಹೆಂಡತಿಯ ಬಳಿ ಒಂದು ಕೊಡ ನೀರು ಕೇಳಿದರು. ಸೂತಕದ ಮನೆಯೆಂದು ಅವರು ಅನುಮಾನಿಸಿದರು.

"ಭೂಮಿಗೆ ಸೂತ್ಕ ಇಲ್ಲ ಕಣಮ್ಮ. ಅವ್ರೇ ಏಳಿದ್ದು."

ಗೌಡತಿ ನೀರು ಸುರಿದರು. ನಾನು ಬಲಗಾಲಿನ ಚಪ್ಪಲಿಯ ತುದಿಯಿಂದ ಕೆದಕಿ ನೋಡಿದೆ. ತೇವವಿತ್ತು.